ಸಂಜೆಯ ಕರೆಂಟಿಗೆ ಕೊಡಿ, ಮಧ್ಯಾಹ್ನದ್ದಕ್ಕಲ್ಲ

ಸೋಲಾರ್ ಎಂದ ಕೂಡಲೇ ಈಗ ಎಲ್ಲರ ಕಣ್ಣ ಮುಂದೆ ಬರುವುದು ನೀಲಿ ಫಲಕಗಳು. ಆದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಮನೆಗಳಿಗೆ ಮೊದಲು ಬಂದ ಸೋಲಾರ್ ಅದಲ್ಲ, ತಾರಸಿಯ ಮೇಲಿನ ಬಿಸಿನೀರಿನ ಟ್ಯಾಂಕು. ಅದನ್ನು ಹಾಕಿಸಿದವರಿಗೆ ಕರೆಂಟ್ ಬಿಲ್‌ನಲ್ಲಿ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದಂತೆ ರಿಯಾಯಿತಿ ಸಿಗುತ್ತಿತ್ತು. ನಮ್ಮಲ್ಲಿ ಎಷ್ಟೋ ಜನರ ಅಪ್ಪಂದಿರು ಆ ಐವತ್ತು ರೂಪಾಯಿ ಈ ತಿಂಗಳು ಬಿಲ್‌ನಲ್ಲಿ ಕಳೆದಿದ್ದಾರೋ ಇಲ್ಲವೋ ಎಂದು ಕನ್ನಡಕ ಹಾಕಿಕೊಂಡು ನೋಡುತ್ತಿದ್ದುದು ನೆನಪಿರಬಹುದು. ಮಧ್ಯಾಹ್ನದ ಬಿಸಿಲನ್ನು ಹಿಡಿದಿಟ್ಟು ಮರುದಿನ ಬೆಳಿಗ್ಗೆ ಆರು ಗಂಟೆಗೆ ಸ್ನಾನಕ್ಕೆ ಕೊಡುವುದೇ ಆ ಟ್ಯಾಂಕಿನ ಹೆಚ್ಚುಗಾರಿಕೆ. ಇದೇ ಕೆಲಸವನ್ನು ದೊಡ್ಡದಾಗಿ ಮಾಡಿ, ಆ ಬಿಸಿಯಿಂದ ಕರೆಂಟ್ ತೆಗೆದರೆ ಅದು ಸೌರ ಉಷ್ಣ ವಿದ್ಯುತ್. ಇದಕ್ಕೆ ಸರ್ಕಾರ ದುಡ್ಡು ಹಾಕಬೇಕೇ? ಹಾಕಬೇಕು ಎನ್ನುವವನು ನಾನು. ಆದರೆ ಕಳೆದ ಸಲ ಹಾಕಿದ ಹಾಗೆ ಅಲ್ಲ.

ಇದು ಕೆಲಸ ಮಾಡುವ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ. ಸಾಲು ಸಾಲು ಬಾಗಿದ ಕನ್ನಡಿಗಳು ಸೂರ್ಯ ಹೋದ ಕಡೆ ತಿರುಗುತ್ತಾ ಬಿಸಿಲನ್ನು ಒಂದು ಕೊಳವೆಯ ಮೇಲೆ ಬೀಳಿಸುತ್ತವೆ. ಕೊಳವೆಯೊಳಗಿನ ಎಣ್ಣೆ 390 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಆ ಶಾಖದಿಂದ ನೀರು ಉಗಿಯಾಗಿ ಟರ್ಬೈನ್ ತಿರುಗಿಸುತ್ತದೆ. ಅಲ್ಲಿಂದಾಚೆಗೆ ರಾಯಚೂರಿನ ಶಾಖೋತ್ಪನ್ನ ಸ್ಥಾವರಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, ಕಲ್ಲಿದ್ದಲಿನ ಜಾಗದಲ್ಲಿ ಬಿಸಿಲು ಅಷ್ಟೆ. ಇನ್ನೊಂದು ಬಗೆಯಲ್ಲಿ ಮಧ್ಯದಲ್ಲೊಂದು ಗೋಪುರ, ಸುತ್ತಲೂ ಅದರ ತುದಿಗೆ ಬಿಸಿಲು ಹಾಯಿಸುವ ಸಾವಿರಾರು ಕನ್ನಡಿಗಳು ಇರುತ್ತವೆ. ಶಾಖವನ್ನು ಕೂಡಿಡಲು ಬಳಸುವುದು ಕರಗಿಸಿದ ಉಪ್ಪು. ಅಡುಗೆ ಉಪ್ಪಲ್ಲ, ನೂರಕ್ಕೆ ಅರವತ್ತು ಪಾಲು ಸೋಡಿಯಂ ನೈಟ್ರೇಟ್, ನಲವತ್ತು ಪಾಲು ಪೊಟ್ಯಾಸಿಯಂ ನೈಟ್ರೇಟ್. ಎರಡೂ ಗೊಬ್ಬರವಾಗಿ ಬಳಕೆಯಲ್ಲಿರುವ ವಸ್ತುಗಳೇ. ಸ್ಪೇನ್‌ನ ಆಂದಸೋಲ್-1 ಎಂಬ 50 ಮೆಗಾವಾಟ್ ಸ್ಥಾವರದಲ್ಲಿ ಇಂಥ ಉಪ್ಪು 28,500 ಟನ್ ಇದೆ. ಸೂರ್ಯ ಮುಳುಗಿದ ಮೇಲೂ ಏಳೂವರೆ ಗಂಟೆ ಪೂರ್ಣ ಸಾಮರ್ಥ್ಯದಲ್ಲಿ ಓಡಲು ಅಷ್ಟು ಸಾಕು.

ಎಂ.ಟೆಕ್‌ನಲ್ಲಿ ಥರ್ಮಲ್ ಎಂಜಿನಿಯರಿಂಗ್ ಓದಿ, ಈಗ ಹೈದರಾಬಾದ್‌ನಲ್ಲಿ ಕೋಡ್ ಬರೆಯುವ ಜಾತಿ ನನ್ನದು. ಈ ಜಾತಿಯ ಜನಸಂಖ್ಯೆ ಇಲ್ಲಿ ಕಡಿಮೆಯೇನಿಲ್ಲ. ಟರ್ಬೈನ್ ಬಿಟ್ಟು ಬಂದರೂ ಅದರ ಸುದ್ದಿ ಕಂಡರೆ ಓದದೆ ಬಿಡಲಾಗುವುದಿಲ್ಲ. ಹಬ್ಬಕ್ಕೆಂದು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುವ ನಾವೆಲ್ಲ ಅನಂತಪುರ ಜಿಲ್ಲೆಯನ್ನು ಗೊರಕೆ ಹೊಡೆಯುತ್ತಾ ದಾಟುತ್ತೇವೆ. ದೇಶದಲ್ಲಿ ಕಟ್ಟಿ ಮುಗಿಸಿದ ಬೆರಳೆಣಿಕೆಯ ಸೌರ ಉಷ್ಣ ಸ್ಥಾವರಗಳಲ್ಲಿ ಒಂದು ಅದೇ ಜಿಲ್ಲೆಯಲ್ಲಿದೆ ಎಂಬುದು ನನ್ನ ತಂಡದ ಕನ್ನಡಿಗರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಡಿಯಾಚೆ ಪಾವಗಡದಲ್ಲಿರುವ ಫಲಕಗಳ ಸಾಗರ ಮಾತ್ರ ಎಲ್ಲರಿಗೂ ಗೊತ್ತು. ಹೀಗೇಕಾಯಿತು ಎಂದು ತಿಳಿಯಲು 2010ಕ್ಕೆ ಹೋಗಬೇಕು.

ಆ ವರ್ಷದ ಜನವರಿಯಲ್ಲಿ ಜವಾಹರಲಾಲ್ ನೆಹರೂ ರಾಷ್ಟ್ರೀಯ ಸೌರ ಮಿಷನ್ ಶುರುವಾಯಿತು. 2022ರ ಹೊತ್ತಿಗೆ 20,000 ಮೆಗಾವಾಟ್ ಎಂಬುದು ಗುರಿ. ಮೊದಲ ಹಂತದಲ್ಲಿ ಫಲಕ ಮತ್ತು ಉಷ್ಣ ಎರಡಕ್ಕೂ ಹೆಚ್ಚುಕಡಿಮೆ ಸಮಪಾಲು. ವರ್ಷದ ಕೊನೆಗೆ ನಡೆದ ಹರಾಜಿನಲ್ಲಿ ಏಳು ಕಂಪನಿಗಳು 470 ಮೆಗಾವಾಟ್ ಉಷ್ಣ ಯೋಜನೆಗಳನ್ನು ಗೆದ್ದವು. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ನಿಗದಿ ಮಾಡಿದ್ದ ದರ ಯೂನಿಟ್‌ಗೆ 15 ರೂಪಾಯಿ 31 ಪೈಸೆ. ಯಾರು ಅದರಿಂದ ಹೆಚ್ಚು ಇಳಿಸುತ್ತಾರೋ ಅವರಿಗೆ ಯೋಜನೆ. ಗೆದ್ದ ದರಗಳು 10 ರೂ. 49 ಪೈಸೆಯಿಂದ 12 ರೂ. 24 ಪೈಸೆಯವರೆಗೆ ಇದ್ದವು. ಅದೇ ಸುತ್ತಿನಲ್ಲಿ ಫಲಕದವರು ಗೆದ್ದದ್ದು 10 ರೂ. 95 ಪೈಸೆಯಿಂದ 12 ರೂ. 76 ಪೈಸೆಗೆ. ಅಂದರೆ ಆ ದಿನ ಕಾಗದದ ಮೇಲೆ ಉಷ್ಣ ವಿದ್ಯುತ್ತೇ ಅಗ್ಗ! ಇವತ್ತಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ.

ಸಾರ್ವಜನಿಕ ದುಡ್ಡು ಇದರಲ್ಲಿ ಎಲ್ಲಿತ್ತು? ಬಜೆಟ್‌ನಲ್ಲಿ ನೇರವಾಗಿ ಕಾಣುವುದಿಲ್ಲ. ಎನ್‌ಟಿಪಿಸಿಯ ಅಂಗಸಂಸ್ಥೆಯೊಂದು ಈ ದುಬಾರಿ ಸೌರ ವಿದ್ಯುತ್ತನ್ನು ಕೊಂಡು, ಒಂದು ಮೆಗಾವಾಟ್ ಸೌರಕ್ಕೆ ಕೇಂದ್ರದ ಕೈಯಲ್ಲಿದ್ದ ಒಂದು ಮೆಗಾವಾಟ್ ಅಗ್ಗದ ಕಲ್ಲಿದ್ದಲು ವಿದ್ಯುತ್ ಬೆರೆಸಿ ರಾಜ್ಯಗಳ ವಿದ್ಯುತ್ ಕಂಪನಿಗಳಿಗೆ ಮಾರುವ ವ್ಯವಸ್ಥೆ ಅದು. ಕಲ್ಲಿದ್ದಲು ಸ್ಥಾವರ ರಾತ್ರಿ ಹಗಲು ಓಡುವುದರಿಂದ ಯೂನಿಟ್ ಲೆಕ್ಕದಲ್ಲಿ ಅದರ ಪಾಲು ಹಲವು ಪಟ್ಟು ಹೆಚ್ಚು. ಹಾಗಾಗಿ ಬೆರೆಸಿದ ದರ ನುಂಗುವಂತಿರುತ್ತಿತ್ತು. ಬುದ್ಧಿವಂತ ವ್ಯವಸ್ಥೆಯೇ. ಆದರೆ ಅಗ್ಗದ ಆ ಕಲ್ಲಿದ್ದಲು ವಿದ್ಯುತ್ ಬೇರೆ ಕಡೆ ಹೋಗಿದ್ದರೆ ಯಾರದೋ ಬಿಲ್ ಇಳಿಯುತ್ತಿತ್ತಲ್ಲ, ಆ ಯಾರೋ ಎಂದರೆ ನಾವೇ. ಸಬ್ಸಿಡಿ ಎಂಬ ಹೆಸರಿಲ್ಲದ ಮಾತ್ರಕ್ಕೆ ಅದು ಸಬ್ಸಿಡಿ ಅಲ್ಲದೆ ಹೋಗುವುದಿಲ್ಲ.

ಏಳರಲ್ಲಿ ಮುಗಿದದ್ದು ಮೂರು. ಜೈಸಲ್ಮೇರ್ ಜಿಲ್ಲೆಯಲ್ಲಿ ಎರಡು, ಅನಂತಪುರದಲ್ಲಿ ಒಂದು, 2013 ಮತ್ತು 2014ರಲ್ಲಿ. ಉಳಿದವು ಗಡುವು ವಿಸ್ತರಣೆ, ಮತ್ತೆ ವಿಸ್ತರಣೆ ಎನ್ನುತ್ತಾ ಕರಗಿಹೋದವು.

ಕಂಪನಿಗಳು ದರ ಬೇಕಾಬಿಟ್ಟಿ ಇಳಿಸಿದವು, ಅನುಭವವಿರಲಿಲ್ಲ, ಎಣ್ಣೆ ಮತ್ತು ಕೊಳವೆಗಳನ್ನು ಹೊರದೇಶದ ಬೆರಳೆಣಿಕೆಯ ತಯಾರಕರಿಂದಲೇ ತರಿಸಬೇಕಿತ್ತು ಎಂದು ಕಾರಣಗಳನ್ನು ಹೇಳುತ್ತಾರೆ. ಅವೆಲ್ಲ ನಿಜ. ಆದರೆ ನನಗೆ ಬಹಳ ಕಾಡುವುದು ಬೇರೆಯೇ ಒಂದು ವಿಷಯ. ಕನ್ನಡಿಗೆ ಬೇಕಾದದ್ದು ನೇರ ಬಿಸಿಲು. ಫಲಕಕ್ಕೆ ಮೋಡ, ದೂಳು, ಮಬ್ಬಿನಲ್ಲಿ ಚದುರಿದ ಬೆಳಕೂ ಸ್ವಲ್ಪ ಕೆಲಸಕ್ಕೆ ಬರುತ್ತದೆ, ಕನ್ನಡಿಗೆ ಬರುವುದಿಲ್ಲ. ಒಂದು ಜಾಗದಲ್ಲಿ ವರ್ಷಕ್ಕೆ ಎಷ್ಟು ನೇರ ಬಿಸಿಲು ಬೀಳುತ್ತದೆ ಎಂಬುದೇ ಈ ಸ್ಥಾವರಗಳ ಜಮಾಖರ್ಚಿನ ಮೊದಲ ಸಾಲು. 2010ರಲ್ಲಿ ಕಂಪನಿಗಳು ಆ ಸಾಲನ್ನು ತುಂಬಿದ್ದು ಉಪಗ್ರಹ ಚಿತ್ರಗಳ ಅಂದಾಜಿನಿಂದ. ನೆಲದ ಮೇಲೆ ಉಪಕರಣವಿಟ್ಟು ಅಳೆಯಲು ಸರ್ಕಾರ ಚೆನ್ನೈನ ಪವನ ಶಕ್ತಿ ಸಂಸ್ಥೆಯ ಮೂಲಕ ದೇಶದಾದ್ಯಂತ ಮೊದಲ 51 ಕೇಂದ್ರಗಳನ್ನು ಸ್ಥಾಪಿಸಿದ್ದು 2011ರಲ್ಲಿ. ಹರಾಜು ಮೊದಲು, ಅಳತೆ ಆಮೇಲೆ! ಬಾವಿ ತೋಡಿಸಿ, ಮೋಟರ್ ಕೂರಿಸಿ, ಆಮೇಲೆ ನೀರು ನೋಡುವವನನ್ನು ಕರೆಸಿದ ಹಾಗೆ. ಥಾರ್ ಮರುಭೂಮಿಯ ದೂಳಿನಲ್ಲಿ ನೇರ ಬಿಸಿಲು ಅಂದಾಜಿಗಿಂತ ಕಡಿಮೆ ಎಂದು ಅಲ್ಲಿ ಕಟ್ಟಿದವರಿಗೆ ಗೊತ್ತಾದಾಗ ದರ ಆಗಲೇ ಒಪ್ಪಂದದ ಕಾಗದದಲ್ಲಿತ್ತು.

ಎರಡನೆಯದು ಇನ್ನೂ ದೊಡ್ಡದು. ಹರಾಜಿನಲ್ಲಿ ಕೇಳಿದ್ದು ಯೂನಿಟ್‌ನ ಬೆಲೆ ಮಾತ್ರ, ಆ ಯೂನಿಟ್ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಲಿಲ್ಲ. ಮಧ್ಯಾಹ್ನ ಎರಡು ಗಂಟೆಯ ಯೂನಿಟ್‌ಗೂ ರಾತ್ರಿ ಎಂಟು ಗಂಟೆಯ ಯೂನಿಟ್‌ಗೂ ಒಂದೇ ದರ. ಹಾಗಿದ್ದ ಮೇಲೆ ಉಪ್ಪಿನ ಟ್ಯಾಂಕಿಗೆ ಕೋಟಿಗಟ್ಟಲೆ ಸುರಿಯುವ ಹುಚ್ಚು ಯಾರಿಗಿರುತ್ತದೆ? ಮುಗಿದ ಮೂರು ಸ್ಥಾವರಗಳಲ್ಲಿ ಒಂದಕ್ಕೂ ಅಂಥ ಸಂಗ್ರಹವಿಲ್ಲ. ಸಂಗ್ರಹವೇ ಈ ತಂತ್ರಜ್ಞಾನದ ಜೀವ. ಅದನ್ನು ತೆಗೆದ ಮೇಲೆ ಉಳಿಯುವುದು ಫಲಕ ಮಾಡುವ ಕೆಲಸವನ್ನೇ ಹೆಚ್ಚು ಕಷ್ಟಪಟ್ಟು, ಹೆಚ್ಚು ನೀರು ಕುಡಿದು ಮಾಡುವ ಒಂದು ಯಂತ್ರ. ಫಲಕದ ಬೆಲೆ ಕುಸಿಯುತ್ತಾ 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಯೂನಿಟ್‌ಗೆ 2 ರೂ. 44 ಪೈಸೆಗೆ ಇಳಿದಾಗ ಉಷ್ಣ ವಿದ್ಯುತ್ತಿನ ಕಥೆ ಮುಗಿಯಿತು ಎಂದು ಎಲ್ಲರೂ ಕೈತೊಳೆದುಕೊಂಡರು. ಮುಗಿದದ್ದು ತಂತ್ರಜ್ಞಾನವಲ್ಲ, ತಪ್ಪು ಪ್ರಶ್ನೆ ಕೇಳಿದ ಒಂದು ಪರೀಕ್ಷೆ.

ಇದು ನಮ್ಮ ಮೊದಲ ಪ್ರಯತ್ನವೂ ಆಗಿರಲಿಲ್ಲ. ಗುರುಗ್ರಾಮದ ಬಳಿಯ ಗ್ವಾಲ್ ಪಹಾಡಿಯಲ್ಲಿ 1989ರಲ್ಲೇ 50 ಕಿಲೋವಾಟ್‌ನ ಪ್ರಾಯೋಗಿಕ ಸ್ಥಾವರವಿತ್ತು. ತೊಂಬತ್ತರ ದಶಕದಲ್ಲಿ ಜೋಧಪುರ ಬಳಿಯ ಮಥಾನಿಯಾದಲ್ಲಿ 35 ಮೆಗಾವಾಟ್ ಸೌರ ಭಾಗವಿದ್ದ ಯೋಜನೆಗೆ ಜಾಗತಿಕ ಪರಿಸರ ನಿಧಿಯಿಂದ ಸುಮಾರು ಐದು ಕೋಟಿ ಡಾಲರ್ ಅನುದಾನದ ಮಾತಾಗಿ, ಜರ್ಮನಿಯ ಸಾಲದ ಮಾತಾಗಿ, ವರ್ಷಗಳು ಉರುಳಿ, ಕೊನೆಗೆ ಒಂದು ಕನ್ನಡಿಯೂ ಏಳಲಿಲ್ಲ.

ಹೊರದೇಶದವರೂ ಕೈ ಸುಟ್ಟುಕೊಂಡಿದ್ದಾರೆ. ಸ್ಪೇನ್ ಯೂನಿಟ್‌ಗೆ ಸುಮಾರು 27 ಯೂರೋ ಸೆಂಟ್ ಕೊಡುವುದಾಗಿ 2007ರಲ್ಲಿ ಘೋಷಿಸಿ 2,300 ಮೆಗಾವಾಟ್ ಕಟ್ಟಿಸಿತು. ಆರ್ಥಿಕ ಬಿಕ್ಕಟ್ಟು ಬಂದಾಗ ಕೊಟ್ಟ ಮಾತಿನಿಂದ ಹಿಂದೆ ಸರಿದು, ಹೂಡಿಕೆದಾರರ ದಾವೆಗಳಿಗೆ ವರ್ಷಗಟ್ಟಲೆ ಉತ್ತರ ಹೇಳಬೇಕಾಯಿತು. ಅಮೆರಿಕದ ನೆವಾಡಾದಲ್ಲಿ ಕ್ರೆಸೆಂಟ್ ಡ್ಯೂನ್ಸ್ ಎಂಬ 110 ಮೆಗಾವಾಟ್ ಗೋಪುರಕ್ಕೆ ಅಲ್ಲಿನ ಸರ್ಕಾರ 73.7 ಕೋಟಿ ಡಾಲರ್ ಸಾಲಕ್ಕೆ ಖಾತರಿ ನಿಂತಿತು. ಹತ್ತು ಗಂಟೆ ಸಂಗ್ರಹದ ಹೆಮ್ಮೆಯ ಯೋಜನೆ. 2016ರಲ್ಲಿ ಉಪ್ಪಿನ ಟ್ಯಾಂಕ್ ಸೋರಿ ತಿಂಗಳುಗಟ್ಟಲೆ ನಿಂತಿತು. 2019ರಲ್ಲಿ ಖರೀದಿದಾರ ಕಂಪನಿ ಒಪ್ಪಂದ ಕಡಿದುಕೊಂಡಿತು, 2020ರಲ್ಲಿ ಸ್ಥಾವರದ ಕಂಪನಿ ದಿವಾಳಿ ಅರ್ಜಿ ಹಾಕಿತು. ಬಾಕಿ ಸಾಲ ಪೂರ್ತಿಯಾಗಿ ಸರ್ಕಾರಕ್ಕೆ ಮರಳಲಿಲ್ಲ.

ಆದರೆ ಅದೇ 2020ರಲ್ಲಿ ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ ಒಂದು ದಪ್ಪ ವರದಿ ಹೊರತಂದಿತು. ಜಗತ್ತಿನ ಸೌರ ಉಷ್ಣ ಸ್ಥಾವರಗಳನ್ನು ನಡೆಸಿದವರನ್ನು, ಕಟ್ಟಿದವರನ್ನು ಮಾತನಾಡಿಸಿ, ಟ್ಯಾಂಕ್ ಏಕೆ ಸೋರುತ್ತದೆ, ಉಪ್ಪು ಎಲ್ಲಿ ಹೆಪ್ಪುಗಟ್ಟುತ್ತದೆ, ಯಾವ ಕವಾಟ ಕೈಕೊಡುತ್ತದೆ ಎಂದು ಸಾಲು ಸಾಲಾಗಿ ಬರೆದಿದ್ದಾರೆ. ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು. ನಮ್ಮ ವೃತ್ತಿಯಲ್ಲಿ ಇದು ದಿನನಿತ್ಯದ ಕೆಲಸ. ರಾತ್ರಿ ಎರಡು ಗಂಟೆಗೆ ಸರ್ವರ್ ಮಲಗಿದರೆ, ಎಬ್ಬಿಸಿದ ಮೇಲೆ ಎರಡು ದಿನದೊಳಗೆ ಆರ್‌ಸಿಎ ಬರೆಯಲೇಬೇಕು. ಏನಾಯಿತು, ಏಕಾಯಿತು, ಮತ್ತೆ ಆಗದಂತೆ ಏನು ಮಾಡುತ್ತೀರಿ ಎಂದು ಹೇಳದಿದ್ದರೆ ಮ್ಯಾನೇಜರ್ ಬಿಡುವುದಿಲ್ಲ. ಒಂದು ಶಾಪಿಂಗ್ ಆ್ಯಪ್ ಅರ್ಧ ಗಂಟೆ ನಿಂತದ್ದಕ್ಕೆ ಇರುವ ಈ ಶಿಸ್ತು, ಏಳು ವಿದ್ಯುತ್ ಯೋಜನೆಗಳಲ್ಲಿ ನಾಲ್ಕು ನಿಂತುಹೋದದ್ದಕ್ಕೂ ಬೇಡವೇ? ನಮ್ಮ ಮೊದಲ ಹಂತದ ಪಾಠ ತಿಳಿಯಲು ಇಂದಿಗೂ ವಿಶ್ವಬ್ಯಾಂಕ್‌ನಂಥ ಹೊರಗಿನವರ ವರದಿಗಳನ್ನೇ ತಿರುವಿ ಹಾಕಬೇಕು. ಫೀಸು ನಾವು ಕಟ್ಟಿದ್ದೇವೆ, ನೋಟ್ಸು ಬೇರೆಯವರ ಹತ್ತಿರ ಇದೆ.

ದುಬೈ ಮಾತ್ರ ಬೇರೆ ದಾರಿ ಹಿಡಿಯಿತು. ಅಲ್ಲಿನ ಸರ್ಕಾರಿ ವಿದ್ಯುತ್ ಸಂಸ್ಥೆ ಸಂಜೆ ಮತ್ತು ರಾತ್ರಿಯ ವಿದ್ಯುತ್ತನ್ನೇ ಗಮನದಲ್ಲಿಟ್ಟು 2017ರಲ್ಲಿ 700 ಮೆಗಾವಾಟ್ ಉಷ್ಣ ಸ್ಥಾವರವನ್ನು ಯೂನಿಟ್‌ಗೆ 7.3 ಅಮೆರಿಕನ್ ಸೆಂಟ್‌ಗೆ, ಅಂದಿನ ಲೆಕ್ಕದಲ್ಲಿ ಐದು ರೂಪಾಯಿಗಿಂತ ಕಡಿಮೆಗೆ, ಗೊತ್ತುಪಡಿಸಿತು. ಒಪ್ಪಂದ 35 ವರ್ಷದ್ದು, ಸಾಲದ ಬಡ್ಡಿ ಕಡಿಮೆ. ಬಿಸಿಲಿಗೆ ಬೆಲೆ ಇಲ್ಲ, ಆದ್ದರಿಂದ ಇಂಥ ಸ್ಥಾವರದ ಖರ್ಚೆಲ್ಲ ಮೊದಲ ದಿನವೇ ಆಗಿಹೋಗುತ್ತದೆ. ಆಮೇಲೆ ಯೂನಿಟ್‌ನ ಬೆಲೆ ನಿರ್ಧರಿಸುವುದು ಬಹುಮಟ್ಟಿಗೆ ಬಡ್ಡಿ. ಮನೆ ಸಾಲ ಕಟ್ಟುತ್ತಿರುವ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಸಾರ್ವಜನಿಕ ಹಣಕ್ಕೆ ಇಲ್ಲೊಂದು ಒಳ್ಳೆಯ ಕೆಲಸವಿದೆ: ಸಬ್ಸಿಡಿ ಹಂಚುವುದಕ್ಕಿಂತ ದೀರ್ಘಾವಧಿಯ ಅಗ್ಗದ ಸಾಲ ಕೊಡುವುದು.

ಬ್ಯಾಟರಿ ಇರುವಾಗ ಈ ಉಪ್ಪು, ಉಗಿಯ ರಗಳೆ ಏಕೆ ಎಂದು ನನ್ನ ಸಹೋದ್ಯೋಗಿಯೊಬ್ಬ ಕೇಳಿದ. ಸರಿಯಾದ ಪ್ರಶ್ನೆ. ಎರಡರಿಂದ ನಾಲ್ಕು ಗಂಟೆಯ ಸಂಗ್ರಹಕ್ಕೆ ಬ್ಯಾಟರಿಯೇ ಗೆಲ್ಲುತ್ತದೆ, ಅದರಲ್ಲಿ ವಾದವಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ 4,000 ಮೆಗಾವಾಟ್-ಗಂಟೆ ಬ್ಯಾಟರಿ ಸಂಗ್ರಹಕ್ಕೆ 3,760 ಕೋಟಿ ರೂಪಾಯಿ ನೆರವು ಒಪ್ಪಿತು. ಬಂಡವಾಳದ ಶೇ 40ರವರೆಗೆ ಸರ್ಕಾರ ಕೊಡುವುದು ಎಂಬುದು ಆಗಿನ ತೀರ್ಮಾನ, ಹಣ ಕೆಲಸದ ಹಂತ ನೋಡಿಕೊಂಡು ಐದು ಕಂತಿನಲ್ಲಿ ಬಿಡುಗಡೆ, ಸಾಮರ್ಥ್ಯದ ಶೇ 85 ಭಾಗ ವಿದ್ಯುತ್ ವಿತರಣಾ ಕಂಪನಿಗಳಿಗೇ ಸಿಗಬೇಕು. 2010ರ ಹರಾಜಿಗೆ ಹೋಲಿಸಿದರೆ ಎಷ್ಟೋ ಪಾಲು ಯೋಚಿಸಿ ಮಾಡಿದ ಕೆಲಸ. ಆದರೆ ರಾತ್ರಿಯಿಡೀ, ಎಂಟು ಹತ್ತು ಗಂಟೆ ಎಡೆಬಿಡದೆ ಬೇಕಾದಾಗ ಬ್ಯಾಟರಿಯ ಲೆಕ್ಕ ಭಾರವಾಗುತ್ತದೆ. ಅದರ ಕಚ್ಚಾವಸ್ತು ಬಹುಪಾಲು ಆಮದು. ಉಪ್ಪು, ಕನ್ನಡಿ, ಉಕ್ಕು, ಟರ್ಬೈನ್ ನಮ್ಮ ಕಾರ್ಖಾನೆಗಳಿಗೆ ಅಪರಿಚಿತವಲ್ಲ.

ಈ ರಾತ್ರಿಯ ಕರೆಂಟಿನ ಪ್ರಶ್ನೆ ನಮ್ಮ ಊರುಗಳಿಗೆ ಎಷ್ಟು ಹತ್ತಿರದ್ದು ಎಂದು ಹೊರಗಿದ್ದವರಿಗೆ ಕೆಲವೊಮ್ಮೆ ಮರೆತುಹೋಗುತ್ತದೆ. ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವಾಟ್ ಇದೆ. ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ. ಆದರೆ ಸಂಜೆ ಆರೂವರೆಗೆ ಅಲ್ಲಿಂದ ಬರುವುದು ಸೊನ್ನೆ. 2023ರ ಬರದಲ್ಲಿ ಜಲಾಶಯಗಳು ಬರಿದಾದಾಗ ಪಂಪ್‌ಸೆಟ್‌ಗಳಿಗೆ ಏಳು ಗಂಟೆ ತ್ರೀ ಫೇಸ್ ಕೊಡಲಾಗದೆ ಐದು ಗಂಟೆಗೆ ಇಳಿಸಿ, ರೈತರು ಬೀದಿಗಿಳಿದದ್ದು ಊರಿನಿಂದ ಬಂದ ಫೋನುಗಳಲ್ಲಿ ನಾವೆಲ್ಲ ಕೇಳಿದ್ದೇವೆ. ಹಗಲಿನ ಸೌರ ವಿದ್ಯುತ್ತನ್ನು ರಾತ್ರಿಗೆ ಉಳಿಸಲೆಂದೇ ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವ ಬಂದದ್ದು. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರು ಮೇಲಕ್ಕೆತ್ತಿ ಇಳಿಸುವ ಆ ಯೋಜನೆಗೆ ಬೇಕಾದ ಜಾಗ ಸಿಂಗಳೀಕಗಳ ಅಭಯಾರಣ್ಯದಲ್ಲಿದೆ. ಮಲೆನಾಡಿನವರು ಏಕೆ ಬೇಡ ಎನ್ನುತ್ತಾರೆ ಎಂದು ಅರ್ಥವಾಗುತ್ತದೆ. ಆದರೆ ಬೇಡ ಎನ್ನುವ ನಾವು, ಹಾಗಿದ್ದರೆ ರಾತ್ರಿಯ ಕರೆಂಟ್ ಎಲ್ಲಿಂದ ಎಂಬುದಕ್ಕೂ ಉತ್ತರ ಹುಡುಕಬೇಕಾಗುತ್ತದೆ. ಉಪ್ಪಿನ ಟ್ಯಾಂಕು ಆ ಉತ್ತರದ ಒಂದು ಭಾಗವಾಗಬಲ್ಲದು. ಪರೀಕ್ಷಿಸದೆ ಬಿಟ್ಟರೆ ಅದು ಗೊತ್ತಾಗುವುದೂ ಇಲ್ಲ.

ಹಾಗೆಂದು ಕರ್ನಾಟಕದಲ್ಲೇ ಕಟ್ಟಿ ಎಂದು ನಾನು ಹೇಳುವುದಿಲ್ಲ. ಮುಂಗಾರಿನ ನಾಲ್ಕು ತಿಂಗಳ ಮೋಡದಲ್ಲಿ ನಮ್ಮ ನೇರ ಬಿಸಿಲು ರಾಜಸ್ಥಾನ, ಗುಜರಾತ್‌ಗಳಿಗೆ ಸಾಟಿಯಲ್ಲ. ನೀರಿನ ಲೆಕ್ಕವೂ ಇದೆ. ಉಗಿಯನ್ನು ನೀರಿನಿಂದಲೇ ತಣಿಸಿದರೆ ಯೂನಿಟ್‌ಗೆ ಸುಮಾರು ಮೂರು ಲೀಟರ್ ಬೇಕು. ಗಾಳಿಯಿಂದ ತಣಿಸಿದರೆ ಅದರ ಬಹುಪಾಲು ಉಳಿಯುತ್ತದೆ, ಆದರೆ ಖರ್ಚು ಏರುತ್ತದೆ. ಪಾವಗಡ, ಚಳ್ಳಕೆರೆ ಕಡೆಯ ಕೊಳವೆ ಬಾವಿಗಳ ಆಳ ಬಲ್ಲವರು ಯಾರೂ ಅಲ್ಲಿಗೆ ನೀರು ಕುಡಿಯುವ ಸ್ಥಾವರ ಬರಲಿ ಎನ್ನಲಾರರು. ಎಲ್ಲಿ ಹೊಂದುತ್ತದೋ ಅಲ್ಲಿ ಕಟ್ಟಲಿ, ಗ್ರಿಡ್ ಒಂದೇ ಅಲ್ಲವೇ.

ಸಾವಿರ ಮೆಗಾವಾಟ್ ಎಂದು ಘೋಷಿಸುವುದೂ ಬೇಡ. 50 ಮೆಗಾವಾಟ್‌ನ ಎರಡು ಸ್ಥಾವರ ಸಾಕು, ಎರಡಕ್ಕೂ ಕನಿಷ್ಠ ಎಂಟು ಗಂಟೆಯ ಸಂಗ್ರಹ ಇರಲಿ. ಸರ್ಕಾರ ತಾನೇ ಜಾಗ ಗುರುತಿಸಿ, ಎರಡು ವರ್ಷದ ನೆಲದ ಅಳತೆಯನ್ನು ಟೆಂಡರ್ ಜೊತೆಗೇ ಕೈಗಿಡಲಿ. ನೆರವಿನ ಹಣ ಹಗಲಿನ ಯೂನಿಟ್‌ಗೆ ಬೇಡ, ಸಂಜೆ ಆರರಿಂದ ಬೆಳಗಿನ ಆರರೊಳಗೆ ಗ್ರಿಡ್‌ಗೆ ಬಂದ ಯೂನಿಟ್‌ಗೆ ಮಾತ್ರ ಸಿಗಲಿ. ಬ್ಯಾಟರಿಗೆ ಮಾಡಿದಂತೆ ಕಂತುಗಳಿರಲಿ, ಆದರೆ ಕೊನೆಯ ದೊಡ್ಡ ಕಂತು ಒಂದು ವರ್ಷ ಓಡಿ ತೋರಿಸಿದ ಮೇಲೆ. ನನಗೆ ಎಲ್ಲಕ್ಕಿಂತ ಮುಖ್ಯವಾದ ಷರತ್ತು ಇನ್ನೊಂದಿದೆ: ಬಿಸಿಲು ಎಷ್ಟು ಬಿತ್ತು, ಟ್ಯಾಂಕಿನ ಶಾಖ ಎಷ್ಟಿತ್ತು, ಕರೆಂಟ್ ಎಷ್ಟು ಹೋಯಿತು, ಯಾವ ಭಾಗ ಕೆಟ್ಟು ಎಷ್ಟು ದಿನ ನಿಂತಿತು ಎಂಬುದೆಲ್ಲ ಗಂಟೆವಾರು ಎಲ್ಲರಿಗೂ ತೆರೆದಿರಬೇಕು. ವ್ಯಾಪಾರ ಗುಟ್ಟು ಎನ್ನುವವರು ಸ್ವಂತ ದುಡ್ಡಿನಲ್ಲಿ ಕಟ್ಟಿಕೊಳ್ಳಲಿ.

ಕರೆಂಟಿನ ಮಾತು ಬಿಟ್ಟರೂ ಇದೇ ಶಾಖಕ್ಕೆ ಕೆಲಸವಿದೆ. ಡೇರಿಗಳಲ್ಲಿ ಹಾಲು ಪಾಶ್ಚರೀಕರಿಸಲು, ಬಟ್ಟೆಗೆ ಬಣ್ಣ ಹಾಕಲು, ಹಾಸ್ಟೆಲ್‌ಗಳ ಅಡುಗೆಗೆ ಬೇಕಾದದ್ದು ಇನ್ನೂರು ಡಿಗ್ರಿಯೊಳಗಿನ ಬಿಸಿ. ಶಿರಡಿಯಲ್ಲಿ ಡಿಶ್ ಕನ್ನಡಿಗಳ ಉಗಿಯಲ್ಲಿ ಸಾವಿರಾರು ಜನರ ಪ್ರಸಾದ ಬೆಂದದ್ದನ್ನು ಪುಣೆ, ಮುಂಬೈಯ ಕನ್ನಡಿಗರು ನೋಡಿರುತ್ತಾರೆ. ಲಾತೂರಿನ ಹಾಲಿನ ಡೇರಿಯೊಂದರಲ್ಲಿ ಐಐಟಿ ಮುಂಬೈ ಪಾಲ್ಗೊಂಡು ರೂಪಿಸಿದ ದೊಡ್ಡ ಡಿಶ್ ಕೆಲಸ ಮಾಡಿ ತೋರಿಸಿದೆ. ಆಬು ರೋಡ್‌ನಲ್ಲಿ ಕೇಂದ್ರ ಸರ್ಕಾರ ಮತ್ತು ಜರ್ಮನಿಯ ನೆರವಿನಿಂದ 770 ಡಿಶ್‌ಗಳ ಒಂದು ಮೆಗಾವಾಟ್ ಸ್ಥಾವರ ಎದ್ದಿದೆ, ಅಲ್ಲಿ ಶಾಖ ಕೂಡಿಡುವುದು ಎರಕದ ಕಬ್ಬಿಣದಲ್ಲಿ. ಉಗಿಯನ್ನು ಉಗಿಯಾಗಿಯೇ ಬಳಸಿದರೆ ಟರ್ಬೈನ್‌ನಲ್ಲಿ ಆಗುವ ನಷ್ಟವೇ ಇಲ್ಲ. ನಮ್ಮ ಹಾಲು ಒಕ್ಕೂಟಗಳ ಬಾಯ್ಲರ್‌ಗಳಿಗೆ ಹಗಲು ಹೊತ್ತು ಬಿಸಿಲಿನ ಉಗಿ ಸೇರಿಸಲು ರಾಜ್ಯವೇ ಒಂದಿಷ್ಟು ಅಗ್ಗದ ಸಾಲ ಕೊಡಬಹುದು. ಇದಕ್ಕೆ ದೆಹಲಿಯ ಅಪ್ಪಣೆಗೆ ಕಾಯಬೇಕಿಲ್ಲ.

ಅನಂತಪುರದ ಸ್ಥಾವರದ ಖರೀದಿ ಒಪ್ಪಂದ 25 ವರ್ಷದ್ದು, 2014ರಿಂದ ಎಣಿಸಿದರೆ 2039ರವರೆಗೆ. ಜೈಸಲ್ಮೇರ್‌ನ ಎರಡರದ್ದೂ ಹಾಗೆಯೇ. ದಖ್ಖನ್ನಿನ ಬಿಸಿಲಿನಲ್ಲಿ, ಥಾರ್‌ನ ದೂಳಿನಲ್ಲಿ ಕನ್ನಡಿಗಳು ಹೇಗೆ ಸವೆದವು ಎಂಬ ದಾಖಲೆ ಆ ಮೂರರ ಕಂಟ್ರೋಲ್ ರೂಮಿನ ಕಂಪ್ಯೂಟರ್‌ಗಳಲ್ಲಿ ಇರಬೇಕು. ಹೊಸ ಟೆಂಡರ್ ಕರೆಯುವ ಮೊದಲು ಕೇಂದ್ರ ಇಂಧನ ಇಲಾಖೆ ಅದನ್ನು ಕೇಳಿ ಪಡೆದು ಜನರ ಮುಂದಿಡಲಿ. ಓದಿ ಲೆಕ್ಕ ಹಾಕಲು ಹೈದರಾಬಾದ್‌ನಲ್ಲಿ, ಪುಣೆಯಲ್ಲಿ, ಚೆನ್ನೈನಲ್ಲಿ ಥರ್ಮಲ್ ಓದಿ ಕೋಡ್ ಬರೆಯುತ್ತಿರುವವರು ಬೇಕಾದಷ್ಟು ಜನ ಇದ್ದೇವೆ.